ಮಲೆನಾಡಿನ ಕಿಟಕಿಗೆ ಮೋಟಾರು ಪರದೆ

ತೀರ್ಥಹಳ್ಳಿಯ ನಮ್ಮ ಮನೆಯ ಪಡುವಣ ಕಿಟಕಿಗಳಿಗೆ, ಮೊಬೈಲಿನಿಂದಲೇ ಏರಿಸಿ ಇಳಿಸಬಹುದಾದ ಮೋಟಾರು ಪರದೆಗಳನ್ನು ಹಾಕಿಸಿ ಎರಡು ಮಳೆಗಾಲಗಳು ಕಳೆದಿವೆ. ಮಂಡಿನೋವಿರುವ ಅಮ್ಮನಿಗೆ ಮಂಚದಾಚೆಯ ಕಿಟಕಿಯನ್ನು ತಲುಪುವುದು ಕಷ್ಟವಾಗಿತ್ತು. ಈಗ ಸಂಜೆಯ ಬಿಸಿಲು ಕಣ್ಣಿಗೆ ಹೊಡೆದಾಗ ಅವರೇ ಮಲಗಿದಲ್ಲಿಂದ ಪರದೆ ಇಳಿಸಿಕೊಳ್ಳುತ್ತಾರೆ.

ಬಟ್ಟೆ ಸುತ್ತಿಕೊಳ್ಳುವ ಕೊಳವೆಯೊಳಗೇ ಮೋಟಾರೂ ಲಿಥಿಯಂ ಬ್ಯಾಟರಿಯೂ ಇರುವುದರಿಂದ, ಆಷಾಢದ ಗಾಳಿಗೆ ಮರ ಬಿದ್ದು ದಿನವಿಡೀ ಕರೆಂಟ್ ಹೋದರೂ ಪರದೆ ಚಲಿಸುತ್ತದೆ. ಆದರೆ ವೈಫೈ ರೂಟರೂ, ಮೊಬೈಲಿನ ಆದೇಶವನ್ನು ಜಿಗ್‌ಬೀ ಎಂಬ ನಿಸ್ತಂತು ಸಂಕೇತವಾಗಿ ಪರದೆಗೆ ರವಾನಿಸುವ ‘ಹಬ್’ ಎಂಬ ಪುಟ್ಟ ಸಾಧನವೂ ಕರೆಂಟಿನೊಡನೆಯೇ ನಿಲ್ಲುವುದರಿಂದ, ಆಗ ಮೋಟಾರಿಗೆ ನೇರವಾಗಿ ಸಂಕೇತ ಕಳಿಸುವ ಪುಟ್ಟ ರಿಮೋಟ್ ಒಂದೇ ಆಸರೆ. ನಮ್ಮ ಕಡೆಯವರು ಕೊಳ್ಳುವ ಮುನ್ನ ಈ ರಿಮೋಟ್ ಇದೆಯೇ ಎಂದು ಅಗತ್ಯವಾಗಿ ಕೇಳಬೇಕು.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಬೂಸ್ಟು. ಮೊದಲ ಮಳೆಗಾಲದಲ್ಲಿ, ಸುತ್ತಿಕೊಂಡೇ ಇದ್ದ ಹತ್ತಿಯ ಪರದೆಗೆ ಗಾಳಿಯಾಡದೆ ಕಪ್ಪು ಚುಕ್ಕೆಗಳು ಮೂಡಿದವು. ಎಷ್ಟು ಒರೆಸಿದರೂ ಹೋಗಲಿಲ್ಲ. ಅದನ್ನು ತೆಗೆಸಿ ಪಾಲಿಯೆಸ್ಟರ್ ಬಟ್ಟೆ ಹಾಕಿಸಿ, ಪ್ರತಿ ಮಧ್ಯಾಹ್ನ ಒಂದು ಗಂಟೆ ಪೂರ್ತಿ ಇಳಿದಿರುವಂತೆ ಸಮಯ ನಿಗದಿಪಡಿಸಿದೆ. ಈ ವರ್ಷದ ಮಳೆ ಮುಗಿದ ಮೇಲೂ ಅಮ್ಮನ ಕೋಣೆಯ ಪರದೆಯಲ್ಲಿ ಒಂದು ಚುಕ್ಕೆಯೂ ಕಾಣಿಸಿಲ್ಲ.