ಮೊದಲ ವಾರ ಚಾಕ್ ಕೊಡುವುದಿಲ್ಲ

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಒಂದು ಸಣ್ಣ ಅನ್‌ಎಯ್ಡೆಡ್ ಶಾಲೆ, ಅಂದರೆ ಸರಕಾರದ ಅನುದಾನ ಇಲ್ಲದ್ದು. ಕನ್ನಡ ಮಾಧ್ಯಮ. ಬಿ.ಎಡ್. ಕಲಿಯುವವರು ಇಂಟರ್ನ್‌ಶಿಪ್‌ಗೆ ಬಂದರೆ ಗಣಿತದವರು ನನ್ನ ಪಾಲಿಗೆ ಬೀಳುತ್ತಾರೆ.

ಬರುವಾಗ ಕೈತುಂಬ ಸಾಮಾನು. ಥರ್ಮಾಕೋಲ್ ಮಾಡೆಲ್, ಬಣ್ಣಬಣ್ಣದ ಚಾರ್ಟ್, ದಪ್ಪ ರೆಕಾರ್ಡ್ ಪುಸ್ತಕ. ಎಲ್ಲವನ್ನೂ ಸ್ಟಾಫ್ ರೂಮಿನ ಕಪಾಟಿನ ಮೇಲೆ ಇಟ್ಟುಬಿಡಿ ಎನ್ನುತ್ತೇನೆ. ಮೊದಲ ವಾರ ಚಾಕ್ ಮುಟ್ಟುವ ಹಾಗಿಲ್ಲ. ಹಿಂದಿನ ಬೆಂಚಿನಲ್ಲಿ ಮಕ್ಕಳ ಜೊತೆ ಕೂತು ಒಂದೇ ಒಂದು ಮಗುವನ್ನು ನೋಡಬೇಕು. ನನ್ನನ್ನಲ್ಲ. ಆ ಮಗು ಯಾವಾಗ ಬರೆಯಿತು, ಯಾವಾಗ ಪಕ್ಕದವನ ಪುಸ್ತಕಕ್ಕೆ ಇಣುಕಿತು, ಯಾವಾಗ ಸುಮ್ನೆ ತಲೆ ಆಡಿಸಿತು, ಅಷ್ಟೇ. ಕೆಲವರಿಗೆ ಇದು ಬೇಜಾರು. 'ಸರ್, ನಮಗೆ ಇಷ್ಟು ಕ್ಲಾಸ್ ಮುಗಿಸಬೇಕಲ್ವಾ?' ಎನ್ನುತ್ತಾರೆ. ಮುಗಿಸೋಣ, ಅವಸರ ಇಲ್ಲ. ಶಿಕ್ಷಕರ ತರಬೇತಿಗೆ ನಿಯಮ ಮಾಡುವ ಎನ್‌ಸಿಟಿಇಯ 2014ರ ನಿಯಮದಿಂದ ಬಿ.ಎಡ್. ಎರಡು ವರ್ಷ ಆಯಿತು, ಶಾಲೆಯಲ್ಲಿ ಕಳೆಯುವ ಸಮಯ 20 ವಾರಕ್ಕೆ ಏರಿತು. ಅದರಲ್ಲಿ 16 ವಾರ ಎರಡನೇ ವರ್ಷದಲ್ಲೇ. ಒಂದು ವಾರ ನೋಡುವುದಕ್ಕೆ ಹೋದರೆ ಏನೂ ನಷ್ಟವಿಲ್ಲ.

ಎರಡನೇ ನಿಯಮ: 'ಅರ್ಥ ಆಯ್ತಾ?' ಎಂದು ಕೇಳಬಾರದು. ಕೇಳಿದರೆ ಇಡೀ ತರಗತಿ 'ಆಯ್ತು ಟೀಚರ್' ಎಂದು ರಾಗ ಎಳೆಯುತ್ತದೆ. ಅದರಿಂದ ಯಾರಿಗೂ ಏನೂ ಗೊತ್ತಾಗುವುದಿಲ್ಲ.

ಕಳೆದ ವರ್ಷ ಬಂದ ಹುಡುಗಿಯೊಬ್ಬಳು ಆರನೇ ತರಗತಿಯಲ್ಲಿ ಭಿನ್ನರಾಶಿ ಕೂಡಿಸುವುದನ್ನು ಮಾಡುತ್ತಿದ್ದಳು. ಬೋರ್ಡ್ ಮೇಲೆ ಎಲ್ಲವೂ ಚೆಂದ. ಆಮೇಲೆ ಅವಳು ಬೆಂಚುಗಳ ನಡುವೆ ನಡೆದು ಒಬ್ಬ ಹುಡುಗನ ಹತ್ತಿರ ನಿಂತಳು. ಅವನ ಪುಸ್ತಕದಲ್ಲಿ 1/2 + 1/3 = 2/5. ತಪ್ಪು ಎಂದು ಕೆಂಪು ಗೆರೆ ಎಳೆಯಬಹುದಿತ್ತು. ಎಳೆಯಲಿಲ್ಲ. 'ಹೇಗೆ ಮಾಡಿದೆ ಹೇಳು' ಎಂದಳು. ಅವನು ತುಳುವಿನಲ್ಲಿ ಶುರು ಮಾಡಿದ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು. ಅವನ ಮಟ್ಟಿಗೆ ಲೆಕ್ಕ ಸರಿಯೇ. ಅವಳು ಒಂದು ಉದ್ದದ ಕಾಗದದ ಪಟ್ಟಿ ತೆಗೆದು ಅವನಿಂದಲೇ ಅರ್ಧಕ್ಕೆ ಮಡಚಿಸಿದಳು. ಅಷ್ಟೇ ಉದ್ದದ ಇನ್ನೊಂದನ್ನು ಐದು ಪಾಲು ಮಾಡಿ ಎರಡು ಪಾಲಿಗೆ ಪೆನ್ಸಿಲ್ ಬಳಿಸಿದಳು. ಎರಡನ್ನೂ ಪಕ್ಕಪಕ್ಕ ಇಟ್ಟರು. ಬಳಿದ ಭಾಗ ಅರ್ಧದ ಮಡಿಕೆಯವರೆಗೂ ಬರಲಿಲ್ಲ. 'ಅರ್ಧ ನಿನ್ನ ಹತ್ತಿರವೇ ಇತ್ತು. ಅದಕ್ಕೆ ಇನ್ನೂ ಸ್ವಲ್ಪ ಸೇರಿಸಿದೆ. ಮತ್ತೆ ಕಮ್ಮಿ ಹೇಗಾಯ್ತು?' ಹುಡುಗ ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ರಬ್ಬರ್ ಕೇಳಿದ.

ಅವಳ ಲೆಸನ್ ಪ್ಲಾನಿನ ಅರ್ಧ ಅಲ್ಲೇ ಉಳಿಯಿತು. ರೆಕಾರ್ಡ್‌ನಲ್ಲಿ ಏನು ಬರೆಯಲಿ ಎಂದು ಪೆಚ್ಚುಮೋರೆ ಹಾಕಿಕೊಂಡು ಬಂದಳು. ನಡೆದದ್ದನ್ನೇ ಬರಿ ಎಂದೆ.

ಹುಡುಗ ತುಳುವಿನಲ್ಲಿ ಹೇಳಿದ್ದಕ್ಕೆ ಅವಳು ತಡೆಯಲಿಲ್ಲ, ಅದು ನನಗೆ ಜಾಸ್ತಿ ಹಿಡಿಸಿತು. ನಮ್ಮ ಒಂದೊಂದು ಬೆಂಚಿನಲ್ಲೂ ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ, ಹವ್ಯಕ ಎಲ್ಲ ಇದೆ. ಪುಸ್ತಕ ಕೇರಳದ್ದು, ಕನ್ನಡದಲ್ಲಿ. ಇಲ್ಲಿ ಲೆಕ್ಕ ಕಲಿಸುವವರಿಗೆ ಕನ್ನಡವೂ ಬರಬೇಕು, ಉಳಿದದ್ದಕ್ಕೆ ಕಿವಿಯೂ ಇರಬೇಕು. ಕನ್ನಡ ಮಾಧ್ಯಮದ ಕ್ಲಾಸಿಗೆ ಕನ್ನಡವೇ ಬಾರದವರನ್ನು ಕಳಿಸಿ, ಮಕ್ಕಳು, ಪೋಷಕರು ಪ್ರತಿಭಟನೆಗೆ ಕೂತದ್ದನ್ನು ನಮ್ಮ ಜಿಲ್ಲೆ ಕಂಡಿದೆ. ಕೂಗುವುದು ಕೂಗೋಣ, ಅದೂ ಬೇಕು. ಆದರೆ ಗಣಿತಕ್ಕೆ, ವಿಜ್ಞಾನಕ್ಕೆ ಕನ್ನಡದವರನ್ನು ತಯಾರು ಮಾಡುವ ಕೆಲಸವನ್ನು ನಾವಲ್ಲದೆ ಬೇರೆ ಯಾರು ಮಾಡುತ್ತಾರೆ?

ಮ್ಯಾನೇಜ್‌ಮೆಂಟಿನವರ ಪ್ರಶ್ನೆ ಬೇರೆ. 'ಮಾಷ್ಟ್ರೇ, ನಾವು ಕಲಿಸುವುದು, ಅವರು ಕೆ-ಟೆಟ್ (ಕೇರಳದ ಶಿಕ್ಷಕ ಅರ್ಹತಾ ಪರೀಕ್ಷೆ) ಪಾಸಾಗಿ ಸರಕಾರಿ ಕೆಲಸಕ್ಕೆ ಪಿಎಸ್‌ಸಿ ಬರೆದು ಹೋಗುವುದು. ನಮಗೇನು ಲಾಭ?' ನಮ್ಮ ಸಂಬಳ ನೋಡಿದರೆ ಹೋಗದೆ ಇನ್ನೇನು ಮಾಡಬೇಕು! ಹೋಗಲಿ. ಸರಕಾರಿ ಶಾಲೆಯಲ್ಲಿರುವವರೂ ನಮ್ಮ ಊರಿನ ಮಕ್ಕಳೇ. ಬರುವವರಿಗೆ ಮಧ್ಯಾಹ್ನದ ಊಟ, ಬಸ್ಸಿನ ಖರ್ಚು ಕೊಡಿ ಎಂದು ಕೇಳಿದ್ದೇನೆ. ಊಟಕ್ಕೆ ಒಪ್ಪಿದ್ದಾರೆ.

ಆ ಹುಡುಗಿ ಈಗ ಒಂದು ಸರಕಾರಿ ಶಾಲೆಯಲ್ಲಿ ದಿನವೇತನಕ್ಕಿದ್ದಾಳೆ. ಮೊನ್ನೆ ಫೋನ್ ಮಾಡಿದ್ದಳು. ಅವಳ ಮಕ್ಕಳು 0.5ಕ್ಕಿಂತ 0.45 ದೊಡ್ಡದು ಎನ್ನುತ್ತಾರಂತೆ, 5ಕ್ಕಿಂತ 45 ದೊಡ್ಡದಲ್ವಾ, ಹಾಗೆ. ಗ್ರಾಫ್ ಹಾಳೆಯಲ್ಲಿ ನೂರು ಚೌಕ ಮಾಡಿಸಿ ಬಣ್ಣ ಹಾಕಿಸಿದರೆ ಹೇಗೆ ಸರ್ ಎಂದು ಕೇಳಿದಳು. ಮಾಡು ಎಂದೆ. ಮರುದಿನ ನಾನೂ ನನ್ನ ಏಳನೇ ತರಗತಿಯಲ್ಲಿ ಅದನ್ನೇ ಕೇಳಿದೆ. ಮುಕ್ಕಾಲು ಕ್ಲಾಸು 0.45ರ ಕಡೆ ಕೈ ಎತ್ತಿತು.