ಗೌಜಲಕ್ಕಿ ಮರಿಗಳನ್ನು ಕೊಂದಿದ್ದು ಯಾರು?

ಹೆಸರಘಟ್ಟದ ಆಚೆ ನನ್ನ ಭಾವನದೊಂದು ಸಣ್ಣ ತೋಟ ಇದೆ. ಅಲ್ಲಿ ಶೆಡ್ ಹಾಕಿ ಗೌಜಲಕ್ಕಿ ಸಾಕುತ್ತಾರೆ, ಜಪಾನೀಸ್ ಕ್ವೇಲ್ ತಳಿ. ನಮ್ಮ ಹೊಲಗಳಲ್ಲಿ ಓಡಾಡುವ ಕಾಡು ಗೌಜಲನ್ನು ಹಿಡಿಯುವ ಹಾಗಿಲ್ಲ, 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಅವಕ್ಕಿದೆ. ಪಕ್ಕದ ಅಂಕಣದಲ್ಲಿ ಒಂದಿಷ್ಟು ಗಿನಿ ಕೋಳಿಗಳೂ ಇವೆ.

ಮಳೆಗಾಲದ ಒಂದು ಬೆಳಗ್ಗೆ ಭಾವ ಫೋನ್ ಮಾಡಿದರು. ದನಿ ನಡುಗುತ್ತಿತ್ತು. "ಮುಂಗುಸಿ ಬಂದು ಎಲ್ಲ ಹಾಳು ಮಾಡಿ ಹೋಗಿದೆ. ಹೊಸ ಮರಿಗಳು ಅರ್ಧಕ್ಕರ್ಧ ಇಲ್ಲ." ಕೆಲಸದ ಹುಡುಗ ಹಿಂದಿನ ದಿನ ಬೇಲಿ ಹತ್ತಿರ ಮುಂಗುಸಿ ನೋಡಿದ್ದನಂತೆ. ಉರುಳು ಹಾಕಲು ತಂತಿ ಹುಡುಕುತ್ತಿದ್ದ. ಏನನ್ನೂ ಮುಟ್ಟಬೇಡಿ, ಗುಡಿಸಬೇಡಿ, ನಾನು ಬರ್ತೀನಿ ಅಂದೆ. ಹೆಬ್ಬಾಳದಲ್ಲಿ ಪಶುವೈದ್ಯ ಓದುವಾಗ ಕೋಳಿಗಳ ಶವಪರೀಕ್ಷೆ ಸಾಕಷ್ಟು ಮಾಡಿದ್ದೆ. ಸತ್ತ ಮರಿ ಇರುವ ಜಾಗ, ಬಿದ್ದಿರುವ ಭಂಗಿ, ಗಾಯದ ಗುರುತು ಇವೆಲ್ಲ ಒಂದು ಸಲ ಕಸದ ಬುಟ್ಟಿಗೆ ಹೋದರೆ ಆಮೇಲೆ ಉಳಿಯುವುದು ಬರೀ ಊಹೆ.

ಮೊಟ್ಟೆಯೊಡೆದ ದಿನ ಗೌಜಲಕ್ಕಿ ಮರಿ ಏಳೆಂಟು ಗ್ರಾಂ ತೂಗುತ್ತದೆ, ಅಷ್ಟೇ. ಹೆಬ್ಬೆರಳಿನಷ್ಟು ಜೀವ. ಮೊದಲ ವಾರ ಅದಕ್ಕೆ ಹತ್ತಿರಹತ್ತಿರ 35 ಡಿಗ್ರಿ ಬಿಸಿ ಬೇಕು. ಇಷ್ಟು ಚಿಕ್ಕದಕ್ಕೆ ಶತ್ರುಗಳು ಜಾಸ್ತಿ. ಹಾವು, ಹೆಗ್ಗಣ, ಬೆಕ್ಕು, ಪುನುಗು ಬೆಕ್ಕು, ಮುಂಗುಸಿ, ಕಾಗೆ, ಶಿಕ್ರ ಅನ್ನುವ ಸಣ್ಣ ಗಿಡುಗ. ಹೆಸರಘಟ್ಟದ ಹುಲ್ಲುಗಾವಲಿನ ಪಕ್ಕ ಇದ್ದ ಮೇಲೆ ಬೇಟೆ ಹಕ್ಕಿಗಳಿಗಂತೂ ಬರವಿಲ್ಲ.

ಆದರೆ ಒಬ್ಬೊಬ್ಬರು ಕೊಲ್ಲುವ ರೀತಿ ಒಂದೊಂದು. ಶಿಕ್ರ ಹಿಡಿದಿದ್ದರೆ ಪುಕ್ಕ ಕಿತ್ತು ರಾಶಿ ಹಾಕಿರುತ್ತದೆ, ಕಿತ್ತ ಗರಿಯ ದಂಟು ಪೂರ್ತಿಯಾಗಿರುತ್ತದೆ. ಹಲ್ಲಿರುವ ಪ್ರಾಣಿ ತಿಂದರೆ ದಂಟು ಜಗಿದು ಮುರಿದಿರುತ್ತದೆ. ಕೇರೆ ಹಾವು ಮರಿಯನ್ನು ಇಡಿಯಾಗಿ ನುಂಗುತ್ತದೆ, ಅಲ್ಲೊಂದು ಪುಕ್ಕವೂ ಸಿಗುವುದಿಲ್ಲ. ದೊಡ್ಡದನ್ನು ನುಂಗಲಾಗದೆ ಬಿಟ್ಟರೆ ತಲೆ, ಕತ್ತಿನ ಪುಕ್ಕ ಒದ್ದೆಯಾಗಿ ಬಾಚಿದ ಹಾಗೆ ಅಂಟಿಕೊಂಡಿರುತ್ತದೆ. ಪುನುಗು ಬೆಕ್ಕು ಓಡಾಡುವ ಕಡೆ ಕಾಂಪೌಂಡ್ ಗೋಡೆಯ ಮೇಲೆ ಹಣ್ಣಿನ ಬೀಜ ತುಂಬಿದ ಹಿಕ್ಕೆ ಕಾಣುತ್ತದೆ. ಭಾವನ ಶೆಡ್‌ನಲ್ಲಿ ಶಿಕ್ರ, ಹಾವು, ಪುನುಗು ಬೆಕ್ಕು ಬಂದ ಗುರುತು ಯಾವುದೂ ಇರಲಿಲ್ಲ.

ಮುಂಗುಸಿಯ ಮೇಲಿನ ಆರೋಪವೂ ನನಗೆ ಸರಿ ಅನಿಸಲಿಲ್ಲ. ಅದು ಹಗಲು ತಿರುಗುವ ಪ್ರಾಣಿ. ರಾತ್ರಿ ಹತ್ತಕ್ಕೆ ಬಾಗಿಲು ಹಾಕುವಾಗ ಮರಿಗಳೆಲ್ಲ ಚೆನ್ನಾಗಿದ್ದವು ಅಂತ ಹುಡುಗನೇ ಹೇಳಿದ. ಬೆಳಕು ಹರಿಯುವ ಮುಂಚೆ ಬಾಗಿಲು ತೆಗೆದಾಗ ಈ ಗತಿ. ಮಧ್ಯೆ ಬರೀ ಕತ್ತಲು.

ಗ್ಲೌಸ್, ಮಾಸ್ಕ್ ಹಾಕಿಕೊಂಡು ಒಳಗೆ ಹೋದೆ. ಹಕ್ಕಿಗಳು ಒಟ್ಟಿಗೆ ಸತ್ತ ಕಡೆ ಬರಿಗೈ ಹಾಕಲೇಬಾರದು, ರೋಗವೂ ಇರಬಹುದು. ಸತ್ತ ಮರಿಗಳು ಎರಡು ಕಡೆ ಇದ್ದವು. ಹೆಚ್ಚಿನವು ಒಂದು ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು ಚಪ್ಪಟೆಯಾಗಿದ್ದವು. ಅವುಗಳಲ್ಲಿ ಕೆಲವಕ್ಕೆ ಕಾಲಿಲ್ಲ, ಕೆಲವಕ್ಕೆ ಹೊಟ್ಟೆ ಬಗೆದಿತ್ತು. ಇನ್ನು ಕೆಲವು ಹಿಂದಿನ ಗೋಡೆಯ ಉದ್ದಕ್ಕೂ ಚೆದುರಿದ್ದವು.

ಅಲ್ಲೇ ಕಲ್ಲಿನ ಮೇಲೆ ಹಾಳೆ ಹಾಸಿ, ಎರಡೂ ಕಡೆಯ ಮರಿಗಳನ್ನು ತಂದು ಚರ್ಮ ಬಿಡಿಸಿದೆ. ಇಷ್ಟು ಚಿಕ್ಕ ಮರಿಯ ಚರ್ಮ ಈರುಳ್ಳಿಯ ಒಳಪೊರೆಯಷ್ಟು ತೆಳು. ಕತ್ತಿನ ಹಿಂದೆ ಕತ್ತರಿಯ ತುದಿಯಲ್ಲಿ ಸ್ವಲ್ಪ ಎತ್ತಿದರೆ ಸಾಕು, ಬಂದುಬಿಡುತ್ತದೆ. ಮೂಲೆಯ ರಾಶಿಯಲ್ಲಿದ್ದ ಮರಿಗಳ ಕಾಲು ಹೋಗಿತ್ತು, ಆದರೆ ಗಾಯದ ಸುತ್ತ ಮಾಂಸ ಬಿಳಿಚಿಕೊಂಡಿತ್ತು. ಒಂದು ತೊಟ್ಟು ರಕ್ತ ಕಟ್ಟಿರಲಿಲ್ಲ. ಗೋಡೆ ಪಕ್ಕದವುಗಳ ಕತ್ತಿನಲ್ಲಿ ಚರ್ಮದ ಕೆಳಗೆ ಕಪ್ಪಗೆ ರಕ್ತ ಹೆಪ್ಪುಗಟ್ಟಿತ್ತು. ಅದರ ನಡುವೆ ಜೋಡಿ ಹಲ್ಲಿನ ಗುರುತು, ಒಂದಕ್ಕೊಂದು ಅಂಟಿಕೊಂಡಂತೆ.

ಜೀವ ಇರುವಾಗ ಕಚ್ಚಿದರೆ ಮಾತ್ರ ರಕ್ತ ಹಾಗೆ ಒಳಗೆ ಹರಡುತ್ತದೆ, ಅಲ್ವಾ? ಹೃದಯ ನಿಂತ ಮೇಲೆ ಎಷ್ಟು ಕಚ್ಚಿದರೂ ಮಾಂಸ ಹಾಗೆ ಕಪ್ಪಾಗುವುದಿಲ್ಲ. ಅಂದರೆ ಮೂಲೆಯ ಮರಿಗಳು ಮೊದಲೇ ಸತ್ತಿದ್ದವು, ಅವನ್ನು ತಿಂದಿದ್ದು ಆಮೇಲೆ.

"ರಾತ್ರಿ ಕರೆಂಟ್ ಹೋಗಿತ್ತಾ?" ಅಂತ ಕೇಳಿದೆ. ಮಳೆಗೆ ಹೋಗಿತ್ತು, ಬೆಳಗಿನ ಜಾವ ಬಂತು ಅಂದರು ಭಾವ. ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ಮರಿಗಳಿಗೆ ಬಿಸಿ ಕೊಡುವ ಬ್ರೂಡರ್ ಬಲ್ಬ್ ಆರಿದೆ, ಮರಿಗಳಿಗೆ ಚಳಿಯಾಗಿದೆ. ಬಿಸಿ ಹುಡುಕುತ್ತಾ ಮೂಲೆಗೆ ಹೋಗಿ ಒಂದರ ಮೇಲೊಂದು ಹತ್ತಿ, ಕೆಳಗಿನವು ಉಸಿರುಗಟ್ಟಿವೆ. ಅವುಗಳನ್ನು ತಿನ್ನಲು ಬಂದ ಯಾರೋ ಬದುಕಿದ್ದವನ್ನೂ ಬಿಟ್ಟಿಲ್ಲ.

ಆ ಯಾರೋ ಎಲ್ಲಿದೆ ಅಂತ ಫೀಡ್ ಮೂಟೆಗಳನ್ನು ಸರಿಸಿದೆವು. ಗೋಡೆಯ ಬುಡದಲ್ಲಿ ಬಿಲ, ಬಾಯಿಯ ಮುಂದೆ ಹೊಸ ಮಣ್ಣಿನ ಗುಡ್ಡೆ. ಒಳಗೆ ಕೈಯಳತೆ ದೂರದಲ್ಲಿ ಮರಿಗಳ ರೆಕ್ಕೆಗಳು ತುರುಕಿಕೊಂಡಿದ್ದವು. ಸುತ್ತ ಇಲಿಯದಕ್ಕಿಂತ ದಪ್ಪನೆಯ ಹಿಕ್ಕೆ. ಹೆಗ್ಗಣ ಅಂತ ನನಗೆ ಖಾತ್ರಿಯಾಯಿತು. ಹುಡುಗ ಮಾತ್ರ ಒಪ್ಪಲಿಲ್ಲ.

ಅದಕ್ಕೇ ಉಳಿದ ಮರಿಗಳನ್ನು ಮನೆಯೊಳಗೆ ತಂದಿಟ್ಟು, ಸಂಜೆ ಶೆಡ್‌ನ ನೆಲಕ್ಕೆ ರಂಗೋಲಿ ಪುಡಿ ಜರಡಿ ಹಿಡಿದೆವು. ಬೆಕ್ಕು ಬಂದರೆ ನಾಲ್ಕು ಬೆರಳು, ಉಗುರಿನ ಗುರುತಿಲ್ಲ. ಮುಂಗುಸಿಗೆ ಐದು ಬೆರಳು, ಉಗುರು ಚೆನ್ನಾಗಿ ಮೂಡುತ್ತದೆ. ಬೆಳಗ್ಗೆ ಪುಡಿಯ ಮೇಲೆ ಕಂಡಿದ್ದು ಮುಂದೆ ನಾಲ್ಕು, ಹಿಂದೆ ಐದು ಬೆರಳಿನ ಪುಟ್ಟ ಹೆಜ್ಜೆಗಳು, ನಡುವೆ ಬಾಲ ಎಳೆದ ಗೆರೆ. ಹುಡುಗ ಕೂತು ಬಹಳ ಹೊತ್ತು ನೋಡಿದ. ಆಮೇಲೆ ತಂತಿ ಸುತ್ತಿ ಒಳಗಿಟ್ಟ.

ಭಾವ ವಿಷ ಇಡೋಣ ಅಂದರು. ಅದಕ್ಕೂ ನಾನು ಬೇಡ ಅಂದೆ. ವಿಷ ತಿಂದ ಹೆಗ್ಗಣವನ್ನು ಕಣಜ ಗೂಬೆಯೋ ಮುಂಗುಸಿಯೋ ತಿಂದರೆ ಅವೂ ಸಾಯುತ್ತವೆ. ಹೆಗ್ಗಣ ಹಿಡಿಯಲು ಆ ತೋಟಕ್ಕೆ ಅವುಗಳಿಗಿಂತ ಒಳ್ಳೆಯ ಕೆಲಸಗಾರರು ಸಿಗುವುದಿಲ್ಲ. ಬಿಲ ಅಗೆದು ಕಲ್ಲು, ಸಿಮೆಂಟ್ ತುಂಬಿಸಿದೆವು. ಶೆಡ್‌ಗೆ ಇದ್ದದ್ದು ಒಂದಿಂಚಿನ ಕೋಳಿ ಜಾಲರಿ. ಅದು ಕೋಳಿಯನ್ನು ಒಳಗಿಡುತ್ತದೆಯೇ ಹೊರತು ಮರಿ ಹೆಗ್ಗಣವನ್ನು ಹೊರಗಿಡುವುದಿಲ್ಲ. ಕಾಲಿಂಚಿನ ವೆಲ್ಡ್ ಮೆಶ್ ಹಾಕಿಸಿ, ಒಂದಡಿ ನೆಲದೊಳಗೆ ಇಳಿಸಿ, ತುದಿಯನ್ನು ಹೊರಗಡೆಗೆ ಮಡಚಿದೆವು. ಫೀಡ್ ಈಗ ಮುಚ್ಚಳ ಇರುವ ತಗಡಿನ ಡ್ರಮ್‌ನಲ್ಲಿದೆ. ಬ್ರೂಡರ್‌ಗೆ ಇನ್ವರ್ಟರ್ ಲೈನ್ ಎಳೆಸಿದ್ದಾರೆ. ಮರಿಗಳ ಸುತ್ತ ರಟ್ಟನ್ನು ದುಂಡಗೆ ನಿಲ್ಲಿಸುತ್ತಾರೆ, ಮೂಲೆಯೇ ಇಲ್ಲದಿದ್ದರೆ ರಾಶಿ ಬೀಳುವುದು ಕಡಿಮೆ.

ಮುಂಗುಸಿ ಈಗಲೂ ಹಗಲು ಹೊತ್ತು ಬೇಲಿ ಪಕ್ಕ ಓಡಾಡುತ್ತದೆ. ಹೊರಗೆ ಬಿಟ್ಟ ಗಿನಿ ಕೋಳಿ ಮರಿ ಸಿಕ್ಕರೆ ಅದು ಬಿಡುವುದಿಲ್ಲ, ಅದೂ ನಿಜ. ಹಾಗಾಗಿ ಅವು ಬಲಿಯುವವರೆಗೆ ಮೇಲೂ ಬಲೆ ಹಾಕಿದ ಅಂಕಣದಲ್ಲೇ ಇರಲಿ ಅಂತ ಹೇಳಿ ಬಂದಿದ್ದೇನೆ.