ಬೆವರುಸಾಲೆಯಲ್ಲ, ತಿಗಣೆ

ಮಗಳ ಎಡಗೈ ಮೇಲೆ ಕೆಂಪು ಗುಳ್ಳೆಗಳು ಮೊದಲ ಸಲ ಕಾಣಿಸಿಕೊಂಡದ್ದು ಏಪ್ರಿಲ್ ತಿಂಗಳ ಎರಡನೆಯ ವಾರದಲ್ಲಿ. ರಾಯಚೂರಿನ ಬಿಸಿಲಿನಲ್ಲಿ ಮಕ್ಕಳ ಮೈಮೇಲೆ ಏನೇ ಎದ್ದರೂ ಬೆವರುಸಾಲೆ ಎನ್ನುವುದು ರೂಢಿಯಾದ್ದರಿಂದ ನಾನೂ ಪೌಡರ್ ಹಚ್ಚಿ, ಎಳನೀರು ಕುಡಿಸಿ ಸುಮ್ಮನಾದೆ. ವಾರ ಕಳೆದರೂ ತುರಿಕೆ ತಗ್ಗದೆ, ಕೆರೆದ ಒಂದು ಜಾಗ ಕೀವು ಕಟ್ಟಿದಾಗ ವೈದ್ಯರಲ್ಲಿಗೆ ಹೋದೆವು. ಅವರು ಕಜ್ಜಿ ಇರಬಹುದೆಂದು ಮುಲಾಮು ಬರೆದುಕೊಟ್ಟರು. ಮನೆಯವರೆಲ್ಲ ಅದನ್ನು ಕುತ್ತಿಗೆಯಿಂದ ಪಾದದವರೆಗೆ ಹಚ್ಚಿಕೊಂಡು ಮಲಗಿದೆವು. ಮೂರನೆಯ ಬೆಳಿಗ್ಗೆ ಮಗಳ ಕುತ್ತಿಗೆಯ ಮೇಲೆ ಮತ್ತೆ ಮೂರು ಗುಳ್ಳೆಗಳು, ಒಂದೇ ಸಾಲಿನಲ್ಲಿ ಎದ್ದಿದ್ದವು.

ಆ ಶನಿವಾರ ಲಿಂಗಸುಗೂರು ಕಡೆಯ ಹಳ್ಳಿಯಿಂದ ನಮ್ಮ ಅತ್ತೆ ಬಂದರು. ಮೊಮ್ಮಗಳ ಪಕ್ಕದಲ್ಲಿ ಒಂದು ರಾತ್ರಿ ಮಲಗಿ, ಬೆಳಗಾಗುವ ಮೊದಲೇ ನನ್ನನ್ನು ಎಬ್ಬಿಸಿದರು. “ಇದು ಬೆವರಸಾಲಿ ಅಲ್ಲವ್ವ, ತಗಣಿ ಕಡದಾವ. ಹಾಸಿಗಿ ಸರಿಸಿದಾಗ ವಾಸನಿ ಬಂತು ನನಗ” ಎಂದರು.

ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಪಾಠ ಮಾಡುವ ನನಗೆ ಇದು ಹೊಳೆದಿರಲಿಲ್ಲ. ದಿನಾ ಕಸ ಗುಡಿಸಿ ನೆಲ ಒರೆಸುವ ಮನೆಯಲ್ಲಿ ತಿಗಣೆ ಇರಲಾರದು ಎಂಬ ನಂಬಿಕೆ ನನ್ನ ಕಣ್ಣಿಗೆ ಅಡ್ಡವಾಗಿತ್ತು. ಆದರೆ ತಿಗಣೆಗೆ ಕೊಳೆ ಬೇಕಿಲ್ಲ. ಅದಕ್ಕೆ ಬೇಕಾದದ್ದು ಬೆಚ್ಚನೆಯ ರಕ್ತ ಮತ್ತು ಮೈ ಒತ್ತಿ ಅಡಗಲು ಒಂದು ಸಂದು. ರೆಕ್ಕೆಯಿಲ್ಲದ ಈ ಕೀಟ ಒಂದು ಮನೆಯಿಂದ ಇನ್ನೊಂದು ಮನೆಗೆ ಹೆಚ್ಚಾಗಿ ಸಾಮಾನಿನ ಜೊತೆಗೇ ಹೋಗುತ್ತದೆ. ಫೆಬ್ರವರಿಯಲ್ಲಿ ಹಳೆಯ ಸಾಮಾನಿನ ಅಂಗಡಿಯಿಂದ ತಂದ ಮರದ ಮಂಚ ಆಗ ನೆನಪಾಯಿತು.

ಅದೇ ಹಾಸಿಗೆಯಲ್ಲಿ ಮಲಗುತ್ತಿದ್ದ ನನ್ನ ಗಂಡನ ಮೈಮೇಲೆ ಒಂದು ಗುರುತೂ ಇರಲಿಲ್ಲ, ಹಾಗಾಗಿ ಅವರು ಅತ್ತೆಯ ಮಾತನ್ನು ಒಪ್ಪಲಿಲ್ಲ. ತಿಗಣೆ ಕಚ್ಚುವಾಗ ಒಳಗೆ ಬಿಡುವ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಪದಾರ್ಥಗಳಿರುತ್ತವೆ. ಗುಳ್ಳೆ ಏಳುವುದು ಆ ಜೊಲ್ಲಿಗೆ ನಮ್ಮ ದೇಹ ತೋರುವ ಪ್ರತಿಕ್ರಿಯೆಯಿಂದ. ಕೆಲವರ ದೇಹ ಮರುದಿನವೇ ಪ್ರತಿಕ್ರಿಯಿಸುತ್ತದೆ, ಕೆಲವರಲ್ಲಿ ಹಲವು ದಿನಗಳ ಮೇಲೆ ಗುಳ್ಳೆ ಏಳುತ್ತದೆ, ಇನ್ನು ಕೆಲವರಲ್ಲಿ ಏನೂ ಕಾಣುವುದಿಲ್ಲ. ಆದ್ದರಿಂದ ಗುಳ್ಳೆಯೊಂದನ್ನೇ ನೋಡಿ ತಿಗಣೆ ಇದೆ ಎಂದಾಗಲಿ, ಇಲ್ಲ ಎಂದಾಗಲಿ ಹೇಳಲು ಬರುವುದಿಲ್ಲ. ಹುಡುಕಿ ಕಣ್ಣಾರೆ ಕಾಣಬೇಕು.

ಭಾನುವಾರವಿಡೀ ಹುಡುಕಿದೆವು. ಮೊದಲು ಹಾಸಿಗೆಯ ಅಂಚಿನ ಹೊಲಿಗೆಯನ್ನು ಹೆಬ್ಬೆರಳುಗಳಿಂದ ಬಿಡಿಸುತ್ತ, ಮೊಬೈಲ್ ಟಾರ್ಚಿನ ಬೆಳಕನ್ನು ಅಡ್ಡಲಾಗಿ ಬಿಟ್ಟು ನೋಡಿದೆ. ಶಾಯಿ ಪೆನ್ನಿನ ಮೊನೆ ತಾಗಿಸಿದಂಥ ಕಪ್ಪು ಚುಕ್ಕೆಗಳು ಗುಂಪಾಗಿದ್ದವು. ಒದ್ದೆ ಬಟ್ಟೆಯಿಂದ ಉಜ್ಜಿದಾಗ ಅವು ತುಕ್ಕಿನ ಬಣ್ಣಕ್ಕೆ ಹರಡಿಕೊಂಡವು: ಜೀರ್ಣವಾದ ರಕ್ತ, ಅಂದರೆ ತಿಗಣೆಯ ಹಿಕ್ಕೆ. ಪಕ್ಕದಲ್ಲೇ ತೆಳ್ಳನೆಯ ಕಂದು ಪೊರೆಗಳು ಬಿದ್ದಿದ್ದವು. ತತ್ತಿಯಿಂದ ಹೊರಬಂದ ಮರಿ ದೊಡ್ಡದಾಗುವಷ್ಟರಲ್ಲಿ ಐದು ಬಾರಿ ಪೊರೆ ಬಿಡುತ್ತದೆ, ಪ್ರತಿ ಬಾರಿಗೂ ಮೊದಲು ಒಮ್ಮೆಯಾದರೂ ರಕ್ತ ಕುಡಿಯಲೇಬೇಕು.

ಜೀವಂತ ಹುಳು ಸಿಕ್ಕಿದ್ದು ಮಂಚದಲ್ಲಿ. ತಲೆಯ ಕಡೆಯ ಹಲಗೆಯ ಸ್ಕ್ರೂ ಬಿಚ್ಚಿ, ಆ ಸಂದಿನಲ್ಲಿ ಹಳೆಯ ಎಟಿಎಂ ಕಾರ್ಡಿನ ಅಂಚನ್ನು ಎಳೆದಾಗ ನಾಲ್ಕು ಹುಳುಗಳು ಬಿಳಿ ಕಾಗದದ ಮೇಲೆ ಬಿದ್ದವು. ಬಣ್ಣ, ಗಾತ್ರ, ಚಪ್ಪಟೆ ಮೈ ಎಲ್ಲದರಲ್ಲೂ ಥೇಟ್ ಅಗಸಿ ಬೀಜದ ಹಾಗೆ. ಒಂದು ಮಾತ್ರ ರಕ್ತ ಕುಡಿದು ಉಬ್ಬಿ ಉದ್ದವಾಗಿತ್ತು. ಸ್ಕ್ರೂ ತೂತಿನ ಒಳಬದಿಗೆ ಗಸಗಸೆ ಕಾಳಿನಷ್ಟು ಸಣ್ಣ, ಮುತ್ತಿನ ಬಣ್ಣದ ತತ್ತಿಗಳು ಅಂಟಿಕೊಂಡಿದ್ದವು. ಇವು ಸುಮಾರು 6ರಿಂದ 10 ದಿನಗಳಲ್ಲಿ ಒಡೆಯುತ್ತವೆ. ಹೆಣ್ಣು ತಿಗಣೆ ತನ್ನ ಆಯುಷ್ಯದಲ್ಲಿ ನೂರಾರು ತತ್ತಿಗಳನ್ನಿಡುತ್ತದೆ. ಉಷ್ಣವಲಯದಲ್ಲಿ ಹೆಚ್ಚಾಗಿರುವ ಜಾತಿಗೆ ಸೈಮೆಕ್ಸ್ ಹೆಮಿಪ್ಟೆರಸ್ ಎಂದು ಹೆಸರು.

ಸುದ್ದಿ ತಿಳಿದ ನೆರೆಮನೆಯವರು ಹತ್ತಿ ಹೊಲಕ್ಕೆ ಹೊಡೆಯುವ ಎಣ್ಣೆಯ ಡಬ್ಬಿ ಹಿಡಿದು ಬಂದರು. ಇನ್ನೊಬ್ಬರು ಕಾಳಿನ ಚೀಲಕ್ಕೆ ಇಡುವ ಗುಳಿಗೆಯನ್ನು ಕೋಣೆಯಲ್ಲಿಟ್ಟು ಬಾಗಿಲು ಹಾಕಲು ಹೇಳಿದರು. ಇಬ್ಬರದೂ ಒಳ್ಳೆಯ ಮನಸ್ಸು, ಆದರೆ ಎರಡೂ ಜೀವಕ್ಕೆ ಅಪಾಯ. ಆ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಗೆ ಗಾಳಿಯ ತೇವ ತಾಗಿದರೂ ಫಾಸ್ಫೀನ್ ಎಂಬ ವಿಷಾನಿಲ ಹೊರಡುತ್ತದೆ. ತಿಗಣೆಗೆಂದು ಅದನ್ನು ಮನೆಯೊಳಗೆ ಇಟ್ಟು ಜನ ಪ್ರಾಣ ಕಳೆದುಕೊಂಡದ್ದುಂಟು. ತಿಗಣೆಯಿಂದಲೋ ಮನುಷ್ಯರಿಗೆ ರೋಗ ಹರಡಿದ್ದು ಇದುವರೆಗೆ ಸಾಬೀತಾಗಿಲ್ಲ. ತುರಿಕೆ, ಕೆರೆದಲ್ಲಿ ಕೀವು, ಕೆಟ್ಟ ನಿದ್ದೆ, ವಿಪರೀತ ಹೆಚ್ಚಿದಾಗ ರಕ್ತಹೀನತೆ, ಇವು ಅದರ ಕಾಟಗಳು. ಮಗಳು ರಾತ್ರಿ ದೀಪ ಆರಿಸಲು ಬಿಡದೆ ಅಳುತ್ತಿದ್ದುದನ್ನು ಕಂಡ ನಾನು ಇವನ್ನು ಸಣ್ಣ ಕಾಟವೆಂದು ಹೇಳಲಾರೆ. ಆದರೂ ಅದಕ್ಕಾಗಿ ಅವಳು ಮಲಗುವ ಜಾಗಕ್ಕೆ ಹೊಲದ ವಿಷ ಹೊಡೆಯುವ ಮಾತನ್ನು ನಾನು ಒಪ್ಪಲಿಲ್ಲ.

ಹಾಸಿಗೆಯನ್ನು ಬಿಸಿಲಿಗೆ ಹಾಕಿದರೆ ಸಾಕೆಂದು ಅತ್ತೆ ಹೇಳಿದರು. ಮಾಳಿಗೆಯ ಮೇಲೆ ಮಧ್ಯಾಹ್ನ ಎರಡು ಗಂಟೆಗೆ ಹಾಸಿಗೆಯ ಮೇಲ್ಮೈ ಕೈ ಇಡಲಾಗದಷ್ಟು ಕಾದಿತ್ತು. ಶಾಲೆಯ ಪ್ರಯೋಗಾಲಯದಿಂದ ತಂದ ಉಷ್ಣಮಾಪಕವನ್ನು ಅದರ ಮಡಿಕೆಯ ಒಳಗೆ ತೂರಿಸಿಟ್ಟೆ. ಪಾದರಸ 41ಕ್ಕೆ ನಿಂತಿತು. 45 ಡಿಗ್ರಿಯಲ್ಲಿಯೂ ತಿಗಣೆಯ ತತ್ತಿಗಳು ಗಂಟೆಗಟ್ಟಲೆ ಉಳಿಯಬಲ್ಲವು. ಅವು ಬೇಗ ಸಾಯಬೇಕಾದರೆ ಶಾಖ 55ರ ಹತ್ತಿರ ಹೋಗಬೇಕು. ಹಾಸಿಗೆ ಕಾದಂತೆ ಹುಳುಗಳು ತಂಪಾದ ಕೆಳಮಗ್ಗುಲಿಗೆ ಸರಿಯುತ್ತವೆ ಎಂದು ವಿವರಿಸಿದಾಗ ಅತ್ತೆ ಉಷ್ಣಮಾಪಕವನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು.

ಮಗಳು ಹುಟ್ಟಿದಾಗ ಅವರು ತಮ್ಮ ಹಳೆಯ ಸೀರೆಗಳಿಂದ ಹೊಲಿದುಕೊಟ್ಟ ಕೌದಿಯ ಪ್ರಶ್ನೆ ಉಳಿದಿತ್ತು. ಅದರ ಒಂದೊಂದು ಹೊಲಿಗೆಯೂ ತಿಗಣೆಗೆ ಮನೆಯೇ. “ಸುಟ್ಟುಬಿಡವ್ವ, ಇನ್ನೊಂದು ಹೊಲದು ಕೊಡ್ತೀನಿ” ಎಂದರು, ಆದರೆ ಅವರ ಬೆರಳುಗಳು ಅದರ ಅಂಚನ್ನು ಬಿಡಲಿಲ್ಲ. ನಾನು ಹಂಡೆಯಲ್ಲಿ ನೀರು ಕಾಯಿಸಿ, ಅದು 60 ಡಿಗ್ರಿಗಿಂತ ಕೆಳಗಿಳಿಯದಂತೆ ಒಲೆ ನೋಡಿಕೊಂಡು, ಕೌದಿಯನ್ನು ಒಂದು ಗಂಟೆ ಮುಳುಗಿಸಿಟ್ಟೆ. ಬಣ್ಣ ಸ್ವಲ್ಪ ಬಿಟ್ಟಿತು, ಹೊಲಿಗೆ ಬಿಡಲಿಲ್ಲ.

ಮಂಚದ ಸಂದುಗಳಿಗೆ ಕುದಿಯುವ ನೀರು ಹೊಯ್ದು, ಆಮೇಲೆ ಪರವಾನಗಿ ಇರುವ ಕೀಟನಾಶಕ ಸಿಬ್ಬಂದಿಯನ್ನು ಕರೆಸಿ ಎರಡು ವಾರಗಳ ಅಂತರದಲ್ಲಿ ಎರಡು ಸಲ ಔಷಧ ಹಾಕಿಸಿದೆವು. ಮೊದಲ ಸಲ ಉಳಿದ ತತ್ತಿಗಳು ಒಡೆದು, ಮರಿಗಳು ದೊಡ್ಡವಾಗಿ ಮತ್ತೆ ತತ್ತಿಯಿಡುವ ಮೊದಲೇ ಎರಡನೆಯ ಸಲ ಆಗಬೇಕು. ಎರಡನೆಯ ಸಲ ಗೋಡೆಯ ಸ್ವಿಚ್ ಬೋರ್ಡಿನ ಹಿಂದೆ ಎರಡು ಮರಿಗಳು ಸಿಕ್ಕವು. ಮೈ ಪಾರದರ್ಶಕವಾಗಿದ್ದು, ಹೊಟ್ಟೆಯಲ್ಲಿ ಮಾತ್ರ ಒಂದು ಕೆಂಪು ಚುಕ್ಕೆ ಕಾಣುತ್ತಿತ್ತು.

ಜುಲೈವರೆಗೆ ಪ್ರತಿ ಭಾನುವಾರ ಸ್ಕ್ರೂ ಬಿಚ್ಚಿ ಕಾರ್ಡ್ ಎಳೆದು ನೋಡಿದೆ. ತಿಗಣೆ ಊಟವಿಲ್ಲದೆ ತಿಂಗಳುಗಟ್ಟಲೆ ಇರಬಲ್ಲದಾದ್ದರಿಂದ, ಒಂದೆರಡು ವಾರ ಏನೂ ಕಾಣದಿದ್ದರೂ ಅದನ್ನು ನಾನು ನಂಬಲಿಲ್ಲ. ಅತ್ತೆ ಊರಿನಿಂದ ಫೋನ್ ಮಾಡಿದಾಗಲೆಲ್ಲ ಮೊದಲು ಕೇಳುತ್ತಿದ್ದುದೂ ಅದನ್ನೇ: “ಇವತ್ತ ಕಾಗದದ ಮ್ಯಾಲ ಏನರ ಬಿತ್ತೇನವ್ವ?”